ಗಾಜಿನ ತೊಟ್ಟಿಯ ಅಮೋನಿಯಾ: ಅರಿವು ಬೆಳೆದ ಬಗೆ

ಕೊಳ್ಳೇಗಾಲದ ಮನೆಗಳಲ್ಲಿ ಮೀನಿನ ತೊಟ್ಟಿಗೆ ತುಂಬುವ ನೀರು ಎರಡು ಬಗೆಯದು. ಒಂದು ನಲ್ಲಿಯಲ್ಲಿ ಬರುವ ಕಾವೇರಿ ನೀರು, ಇನ್ನೊಂದು ಬೋರ್‌ವೆಲ್ ನೀರು. ಹನೂರು ಕಡೆಯ ಒಣಭೂಮಿಯಲ್ಲೂ ಯಳಂದೂರು ತಾಲ್ಲೂಕಿನ ಅನೇಕ ಹಳ್ಳಿಗಳಲ್ಲೂ ಬೋರ್‌ವೆಲ್ಲನ್ನೇ ನೆಚ್ಚಿಕೊಂಡವರು ಹೆಚ್ಚು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರು ಅದು. ಒಂದೇ ಪ್ರಮಾಣದ ಅಮೋನಿಯಾ ಒಂದು ನೀರಿನಲ್ಲಿ ಮೀನನ್ನು ಬದುಕಗೊಟ್ಟು, ಇನ್ನೊಂದರಲ್ಲಿ ಕೊಲ್ಲಬಲ್ಲದು. ಯಾಕೆ ಹಾಗೆ ಎಂಬುದು ಪೂರ್ತಿ ಬಿಡಿಸಿ ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಶುರುವಾದದ್ದು 1850ರಲ್ಲಿ, ಲಂಡನ್ನಿನಲ್ಲಿ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಗೋಲ್ಡ್ ಫಿಶ್, ಕೆಲವು ಬಸವನಹುಳು ಮತ್ತು ವ್ಯಾಲಿಸ್ನೇರಿಯಾ ಗಿಡಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ನೀರು ಬದಲಿಸದೆಯೇ ಅವು ಬದುಕುವುದನ್ನು ತೋರಿಸಿದ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬುದು ಅವನ ವಿವರಣೆ. ಮೀನು ಕಿವಿರಿನಿಂದ ಸದಾ ಹೊರಬಿಡುವ ಅಮೋನಿಯಾಕ್ಕೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಆ ಜಾಗ ತುಂಬಿದ್ದು ಮೀನಿನವರಲ್ಲ, ಚರಂಡಿ ನೀರಿನ ಬಗ್ಗೆ ತಲೆ ಕೆಡಿಸಿಕೊಂಡವರು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಉದ್ದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ಅದರ ಬದಲು ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದರು, ಕೆಲಸ ನಿಂತಿತು. ತೋಟದ ಮಣ್ಣು ಕದಡಿದ ನೀರು ಸುರಿದರು, ಮತ್ತೆ ಶುರುವಾಯಿತು. ಹಾಗಾದರೆ ಇದು ಬರೀ ರಸಾಯನ ಕ್ರಿಯೆಯಲ್ಲ, ಜೀವಿಗಳ ಕೆಲಸ. ನನ್ನ ಮಟ್ಟಿಗೆ ಅಕ್ವೇರಿಯಂ ಶಾಸ್ತ್ರದ ತಳಪಾಯವೆಲ್ಲ ಈ ಒಂದು ಪ್ರಯೋಗದಲ್ಲಿದೆ. ಹೊಸ ತೊಟ್ಟಿಗೆ ವಾರಗಟ್ಟಲೆ ಕಾಯಬೇಕು, ಔಷಧಿ ಸುರಿದರೆ ಒಳಗಿನ ಜೀವಿ ಸಾಯುತ್ತದೆ, ಹಳೆಯ ಜಾಗದಿಂದ ಬೀಜ ತಂದರೆ ಬೇಗ ಚಿಗುರುತ್ತದೆ: ಇವತ್ತು ಅನುಭವಿಗಳು ಹೇಳುವ ಮೂರು ಮಾತೂ ಅಲ್ಲಿವೆ.

ಇದನ್ನು ಮುಂದಕ್ಕೆ ಒಯ್ದವರಲ್ಲಿ ಒಬ್ಬ ಅದೇ ವಾರಿಂಗ್ಟನ್ನನ ಮಗ, ಅವನ ಹೆಸರೂ ರಾಬರ್ಟ್. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಅವನು, ಅಮೋನಿಯಾ ಮೊದಲು ನೈಟ್ರೈಟ್ ಆಗಿ ಆಮೇಲೆ ನೈಟ್ರೇಟ್ ಆಗುತ್ತದೆ, ಇದು ಎರಡು ಹಂತದ ಕೆಲಸ ಎಂದು ಕಂಡುಕೊಂಡ. ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವನಿಗೆ ಕೈಗೂಡಲಿಲ್ಲ. ಅದು 1890ರಲ್ಲಿ ರಷ್ಯಾದ ವಿನೋಗ್ರಾಡ್ಸ್ಕಿಗೆ ಕೈಗೂಡಿತು. ಅಪ್ಪ ಕಟ್ಟಿದ ತೊಟ್ಟಿಯೊಳಗೆ ನಡೆಯುತ್ತಿದ್ದ ಕೆಲಸವನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿದ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಈ ಅರಿವು ಮನೆಯ ತೊಟ್ಟಿಗೆ ಇಳಿಯಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಜಲ್ಲಿಕಲ್ಲಿನ ಅಡಿಯಲ್ಲಿ ತಟ್ಟೆಯಿಟ್ಟು ನೀರನ್ನು ಎಳೆಯುವ ಫಿಲ್ಟರುಗಳು, ಆಮೇಲೆ ಗಾಳಿ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರುಗಳು ಬಂದವು. ನಮ್ಮ ರಾಜ್ಯದಲ್ಲಿ 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ತೆರೆಯಿತು, ದೇಶದಲ್ಲೇ ಮೊದಲನೆಯದು. ನೀರಿನ ಗುಣವೂ ಅಲ್ಲಿ ಓದಬೇಕಾದ ವಿಷಯವಾಯಿತು. 1990ರ ದಶಕದಲ್ಲಿ ಮಲೇರಿಯಾ ತಡೆಗೆಂದು ಕೋಲಾರ, ಹಾಸನ ಕಡೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟರು. ಬಾವಿಯಲ್ಲಿ ಯಾವ ಫಿಲ್ಟರೂ ಇಲ್ಲದೆ ಗಪ್ಪಿ ಬದುಕುತ್ತದೆ. ಅಲ್ಲಿ ನೀರು ಬಹಳ, ಮೀನು ಕಡಿಮೆ, ಯಾರೂ ಕಾಳು ಹಾಕುವುದಿಲ್ಲ, ಗೋಡೆಯ ಪಾಚಿಯೇ ಶುದ್ಧಿಯ ಕೆಲಸ ಮಾಡುತ್ತದೆ. ಮನೆಯ ತೊಟ್ಟಿಯಲ್ಲಿ ಈ ಎಲ್ಲವೂ ತಲೆಕೆಳಗು. ಶೇ 35ರಷ್ಟು ಪ್ರೋಟೀನ್ ಇರುವ 100 ಗ್ರಾಂ ಮೀನಿನ ಕಾಳು ಖರ್ಚಾದರೆ ಸುಮಾರು 3 ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. ಅಮೋನಿಯಾ ಏರಿದ ದಿನ ಮೊದಲು ಮಾಡಬೇಕಾದದ್ದು ಕಾಳು ನಿಲ್ಲಿಸುವುದು. ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಸಾಯುವುದಿಲ್ಲ.

ನಮ್ಮ ಸೀಮೆಗೆ ಎಲ್ಲಕ್ಕಿಂತ ಬೇಕಾದ ತಿಳಿವು ಬಂದದ್ದು 1975ರಲ್ಲಿ. ಎಮರ್ಸನ್ ಎಂಬ ಸಂಶೋಧಕ ಮತ್ತು ಸಂಗಡಿಗರು ಒಂದು ಕೋಷ್ಟಕ ಪ್ರಕಟಿಸಿದರು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಷ್ಟೇನೂ ಕೆಡುಕು ಮಾಡದ ಅಮೋನಿಯಂ ಒಂದು, ಕಿವಿರನ್ನು ದಾಟಿ ಒಳನುಗ್ಗುವ ವಿಷ ಅಮೋನಿಯಾ ಇನ್ನೊಂದು. ಯಾವುದು ಎಷ್ಟು ಎಂಬುದನ್ನು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮತ್ತು ಶಾಖ ತೀರ್ಮಾನಿಸುತ್ತವೆ. ಪಿಎಚ್ 7, ಶಾಖ 25 ಡಿಗ್ರಿ ಇದ್ದರೆ ವಿಷದ ಪಾಲು ಶೇ 0.6ರಷ್ಟು ಮಾತ್ರ. ಪಿಎಚ್ 8, ಶಾಖ 30 ಡಿಗ್ರಿ ಆದರೆ ಅದು ಶೇ 7.5. ಎರಡನೆಯದು ಏಪ್ರಿಲ್ ತಿಂಗಳ ಹನೂರಿನಲ್ಲಿ, ಬೋರ್‌ವೆಲ್ ನೀರು ತುಂಬಿದ ತೊಟ್ಟಿಯಲ್ಲಿ ಸುಲಭವಾಗಿ ಒದಗಿಬರುವ ಸ್ಥಿತಿ. ಒಟ್ಟು ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ಎಂದು ಪರೀಕ್ಷಾ ಕಿಟ್ ತೋರಿಸಿದರೆ ಮೊದಲ ತೊಟ್ಟಿಯವರು ಎರಡು ದಿನ ಸಾವಕಾಶವಾಗಿ ಸರಿಪಡಿಸಬಹುದು. ಎರಡನೆಯವರಿಗೆ ಆ ಬಿಡುವಿಲ್ಲ.

ನೀರು ಬದಲಿಸಿದ ಮೇಲೆಯೇ ಮೀನು ಸತ್ತವು ಎಂಬ ಮಾತು ಮೀನು ಸಾಕುವವರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಕಾರಣ ಈ ಕೋಷ್ಟಕದಲ್ಲೇ ಇದೆ. ಬಹಳ ದಿನ ಬದಲಿಸದ ತೊಟ್ಟಿಯ ಪಿಎಚ್ ಇಳಿದಿರುತ್ತದೆ, ಅಮೋನಿಯಂ ರಾಶಿ ಬಿದ್ದಿದ್ದರೂ ಮೀನು ಹೇಗೋ ತಡೆದುಕೊಂಡಿರುತ್ತದೆ. ಅದಕ್ಕೆ ಅರ್ಧ ತೊಟ್ಟಿ ಗಡಸು ನೀರು ಸುರಿದರೆ ಪಿಎಚ್ ಒಮ್ಮೆಗೇ ಏರಿ, ಉಳಿದ ಅಮೋನಿಯಂನಲ್ಲಿ ಒಂದು ಪಾಲು ವಿಷವಾಗಿ ತಿರುಗುತ್ತದೆ. ಅಂಥ ತೊಟ್ಟಿಗೆ ಐದರಲ್ಲೊಂದು ಪಾಲಿನಂತೆ, ನಡುವೆ ಹೊತ್ತು ಬಿಟ್ಟು ಬದಲಿಸಬೇಕು. ಬೋರ್‌ವೆಲ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದರಿಂದ, ಆಗತಾನೇ ಎತ್ತಿದಾಗ ಅದರ ಪಿಎಚ್ ಕಡಿಮೆ ತೋರುತ್ತದೆ. ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟು ಗಾಳಿ ಆಡಿಸಿ ಆಮೇಲೆ ಅಳೆಯುವುದು ಸರಿ. ನಲ್ಲಿ ನೀರಾದರೆ ಕ್ಲೋರಿನ್ ಕಳೆಯದೆ ಹಾಕಬಾರದು.

ಗಡಸು ನೀರನ್ನು ಬೈಯುವುದೂ ನ್ಯಾಯವಲ್ಲ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಆಗಿಸುವಾಗ ನೀರಿನ ಕ್ಷಾರ ಖರ್ಚಾಗುತ್ತಾ ಹೋಗುತ್ತದೆ. ಮೆದು ನೀರಿನಲ್ಲಿ ಅದು ಬೇಗ ಮುಗಿದು ಕೆಲಸ ಕುಂಟುತ್ತದೆ. ಸುಣ್ಣದ ಅಂಶವಿರುವ ನಮ್ಮ ನೀರಿನಲ್ಲಿ, ಶ್ಲೋಸಿಂಗ್ ಕೊಳವೆಯ ಸುಣ್ಣಕಲ್ಲಿನಲ್ಲಿ ನಡೆದಂತೆ, ನೆಲೆಯೂರಿದ ಫಿಲ್ಟರು ಬಲವಾಗಿ ದುಡಿಯುತ್ತದೆ.

ಆ ದುಡಿಯುವವರು ಯಾರು ಎಂಬ ಉತ್ತರ ಈಚೆಗೆ ಬದಲಾಗಿದೆ. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ನೈಟ್ರೇಟ್ ಆಗಿಸುವುದು ಪುಸ್ತಕಗಳಲ್ಲಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಎಂದು 1998ರಲ್ಲಿ ಹೋವನೆಕ್ ತಂಡ ತೋರಿಸಿತು. 2005ರಲ್ಲಿ ಸಿಯಾಟಲ್‌ನ ಅಕ್ವೇರಿಯಂ ಒಂದರಿಂದ, ಬ್ಯಾಕ್ಟೀರಿಯಾ ಗುಂಪಿಗೇ ಸೇರದ, ಅಮೋನಿಯಾ ಉಂಡು ಬದುಕುವ ಆರ್ಕಿಯಾ ಜೀವಿ ಸಿಕ್ಕಿತು. 2015ರಲ್ಲಿ ಎರಡೂ ಹಂತವನ್ನು ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಪತ್ತೆಯಾಯಿತು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ದ್ರವಗಳಲ್ಲಿ ಕೆಲವು ಸಪ್ಪೆಯಾಗಲು ಒಳಗೆ ತಪ್ಪು ಜೀವಿ ಇದ್ದದ್ದೂ ಒಂದು ಕಾರಣ.

ನಮ್ಮಲ್ಲಿ ಈಗ ಬಯೋಫ್ಲಾಕ್ ಎಂಬ ಮೀನು ಸಾಕಣೆಯ ವಿಧಾನದ ಮಾತು ಜೋರಾಗಿದೆ. 2020ರ ಮತ್ಸ್ಯ ಸಂಪದ ಯೋಜನೆಯ ಸಹಾಯಧನದ ಮೇಲೆ ಇಂಥ ತೊಟ್ಟಿ ಕಟ್ಟಿದವರುಂಟು. ಅಲ್ಲಿ ಬೆಲ್ಲ ಕರಗಿಸಿ ಹಾಕಿ, ಅಮೋನಿಯಾವನ್ನೇ ಸೂಕ್ಷ್ಮಜೀವಿಗಳ ಮೈಯಾಗಿಸಿ, ಅದನ್ನೇ ಮೀನಿಗೆ ಉಣಿಸುತ್ತಾರೆ. ಆಲೆಮನೆಗಳ ಸೀಮೆಯಲ್ಲಿ ಬೆಲ್ಲಕ್ಕೆ ಬರವಿಲ್ಲ ಎಂದು ಮನೆಯ ಗಾಜಿನ ತೊಟ್ಟಿಗೂ ಹಾಕಲು ಹೋಗಬೇಡಿ. ಬಿಡುವಿಲ್ಲದೆ ಬಲವಾಗಿ ಗಾಳಿ ಕೊಡದಿದ್ದರೆ ಆಮ್ಲಜನಕ ಇಳಿದು ಬೆಳಗಾಗುವುದರೊಳಗೆ ಮೀನು ಉಸಿರುಗಟ್ಟುತ್ತವೆ.

ಮನೆಗೆ ಸ್ಪಂಜ್ ಫಿಲ್ಟರೇ ಸಾಕು, ಕರೆಂಟು ಹೋದರೂ ಓಡುವ ಬ್ಯಾಟರಿಯ ಗಾಳಿ ಪಂಪು ಜೊತೆಗಿರಲಿ. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಹೊಸದಾಗಿ ತೊಟ್ಟಿ ಇಡುವವರು ಪರಿಚಯದವರ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಅರ್ಧ ಸ್ಪಂಜು ಕೇಳಿ ತರಲಿ. ಅದೇ ತೊಟ್ಟಿಯ ನೀರಿನಲ್ಲಿ ಒದ್ದೆಯಾಗಿಟ್ಟರೆ ಕೊಳ್ಳೇಗಾಲದಿಂದ ಹನೂರಿಗೆ ಬಸ್ಸಿನಲ್ಲಿ ತರುವಷ್ಟು ಹೊತ್ತು ಅದರೊಳಗಿನ ಜೀವಿಗಳು ಬದುಕಿರುತ್ತವೆ.