ಇಂಗ್ಲೀಷ್ ವ್ಯಾಕರಣದ ಶಾಸನಕರ್ತರು

ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗುವನು. ಶಬ್ದ ಬೇಕಾದವನಾದರೋ ವೈಯಾಕರಣನ ಮನೆಗೆ ಹೋಗಿ ಶಬ್ದವನ್ನು ಮಾಡಿಕೊಡೆಂದು ಬೇಡುವುದಿಲ್ಲವೆಂಬುದು ಮಹಾಭಾಷ್ಯಕಾರನಾದ ಪತಂಜಲಿಯ ಅಭಿಪ್ರಾಯವು. ಲೋಕವ್ಯವಹಾರವು ಮೊದಲು, ಶಾಸ್ತ್ರವು ತರುವಾಯ. ಇಂಗ್ಲೀಷ್ ಪಾಠಪುಸ್ತಕಗಳಲ್ಲಿ ಬಾಲಕರು ಕಂಠಪಾಠ ಮಾಡಿದ ನಿಯಮಗಳಲ್ಲಿ ಕೆಲವು ಈ ಕ್ರಮವನ್ನು ತಲೆಕೆಳಗುಮಾಡಿ ಹುಟ್ಟಿದುವಾಗಿವೆ.

ಇಂಗ್ಲೀಷಿಗೆ ಮೊದಲ ವ್ಯಾಕರಣವನ್ನು 1586ರಲ್ಲಿ ಬುಲ್ಲೋಕರನು ಬರೆದನು. ಅವನಿಗೆ ಮಾದರಿಯಾದುದು ಲ್ಯಾಟಿನ್ ವ್ಯಾಕರಣ. 1653ರಲ್ಲಿ ಗಣಿತಜ್ಞನಾದ ವಾಲಿಸನು, ಇಂಗ್ಲೀಷನ್ನು ಲ್ಯಾಟಿನ್ನಿನ ಅಚ್ಚಿಗೆ ಬಲಾತ್ಕಾರದಿಂದ ಎರೆಯಬಾರದೆಂದು ಆಕ್ಷೇಪಿಸಿದನು. ಆ ಆಕ್ಷೇಪವನ್ನು ಬರೆದುದು ಮಾತ್ರ ಲ್ಯಾಟಿನ್ನಿನಲ್ಲಿಯೇ!

‘ಆಫ್’, ‘ವಿತ್’, ‘ಟು’ ಮುಂತಾದ ಸಂಬಂಧಸೂಚಕ ಪದಗಳು ವಾಕ್ಯದ ಕೊನೆಯಲ್ಲಿ ನಿಲ್ಲಬಾರದೆಂಬ ನಿಯಮದ ಕಥೆಯು ಕೌತುಕಕರವಾದುದು. ಡ್ರೈಡನ್ ಕವಿಯು 1672ರಲ್ಲಿ ಬೆನ್ ಜಾನ್ಸನ್ನನ ಪ್ರಯೋಗಗಳಲ್ಲಿ ಇದನ್ನು ದೋಷವೆಂದು ಎಣಿಸಿದನು. 1668ರಲ್ಲಿ ತಾನು ಪ್ರಕಟಿಸಿದ್ದ ನಾಟಕಕಾವ್ಯವಿಷಯಕ ಪ್ರಬಂಧದಲ್ಲಿಯೂ ಆ ದೋಷವಿರುವುದನ್ನು ಕಂಡು, 1684ರ ಆವೃತ್ತಿಯಲ್ಲಿ ತಿದ್ದಿಕೊಂಡನು. ಆದರೆ ಜನರ ನಾಲಗೆಯನ್ನು ತಿದ್ದಲು ಯಾರಿಂದಾದೀತು?

1762ರಲ್ಲಿ ರಾಬರ್ಟ್ ಲೌತನ ವ್ಯಾಕರಣವು ಹೊರಬಿದ್ದಿತು. ಮುಂದೆ ಲಂಡನ್ನಿನ ಬಿಷಪ್ಪನಾದ ಈ ಪಂಡಿತನು ಷೇಕ್ಸ್‌ಪಿಯರ್, ಮಿಲ್ಟನ್ನರ ವಾಕ್ಯಗಳಲ್ಲಿಯೂ ತಪ್ಪುಗಳನ್ನು ಎತ್ತಿ ತೋರಿಸಿದನು. ಆದರೂ ಮೇಲಣ ಪ್ರಯೋಗವನ್ನು ಅವನು ನಿಷೇಧಿಸಲಿಲ್ಲ; ಅದು ಸಲಿಗೆಯ ಶೈಲಿಗೆ ಸಲ್ಲುವುದು, ಗಂಭೀರ ಶೈಲಿಗೆ ಮತ್ತೊಂದು ಕ್ರಮವು ಲೇಸು ಎಂದನಷ್ಟೆ. ಆ ವಾಕ್ಯಗಳಲ್ಲೊಂದರ ಉಪವಾಕ್ಯವನ್ನೇ ‘ಟು’ ಎಂದು ಮುಗಿಸಿದನು. 1795ರಲ್ಲಿ ಲಿಂಡ್ಲಿ ಮರ್ರೆ ಎಂಬವನು ಯಾರ್ಕ್ ಪಟ್ಟಣದ ಬಾಲಿಕೆಯರ ಶಾಲೆಗಾಗಿ ವ್ಯಾಕರಣವನ್ನು ಬರೆದಾಗ, ಲೌತನ ಅದೇ ವಾಕ್ಯವನ್ನು ತೆಗೆದುಕೊಂಡು, ‘ಟು’ ಪದವನ್ನು ಮುಂದಕ್ಕೆ ಸರಿಸಿಟ್ಟನು. ಆ ಪುಸ್ತಕವು ಅಸಂಖ್ಯಾತ ಶಾಲೆಗಳಲ್ಲಿ ಹರಡಿತು. ಹೀಗೆ ಒಬ್ಬನ ಅಭಿರುಚಿಯು ಮತ್ತೊಬ್ಬನ ಸಲಹೆಯಾಗಿ, ಕಡೆಗೆ ಉಪಾಧ್ಯಾಯರ ಬೆತ್ತವಾಯಿತು.

ಲೋಕವ್ಯವಹಾರವೇ ಪ್ರಮಾಣವೆಂದು ಸಾರಿದವರೂ ಇಲ್ಲದಿರಲಿಲ್ಲ. ಆಮ್ಲಜನಕದ ಶೋಧನೆಯಿಂದ ಪ್ರಸಿದ್ಧನಾದ ಪ್ರೀಸ್ಟ್ಲಿಯು 1761ರಲ್ಲಿಯೇ ತನ್ನ ವ್ಯಾಕರಣದಲ್ಲಿ ಈ ಪಕ್ಷವನ್ನು ಹಿಡಿದಿದ್ದನು. 1926ರಲ್ಲಿ, ಹಿಂದೆ ಶಾಲಾ ಉಪಾಧ್ಯಾಯನಾಗಿದ್ದ ಫೌಲರನು ತನ್ನ ಪ್ರಯೋಗಕೋಶದಲ್ಲಿ ಮೇಲಣ ನಿಯಮವನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದನು.

ಹಾಗೆಂದು ನಿಯಮವೇ ಬೇಡವೆಂದಲ್ಲ. ‘ರಾಮನು ಗೋಪಾಲನಿಗೆ ತನ್ನ ಪುಸ್ತಕವನ್ನು ಕೊಟ್ಟನು’ ಎಂದರೆ ಪುಸ್ತಕವು ರಾಮನದು. ‘ಅವನ ಪುಸ್ತಕವನ್ನು’ ಎಂದರೆ ಗೋಪಾಲನದೆಂದು ತಿಳಿಯುವೆವು. ಇಂಗ್ಲೀಷಿನಲ್ಲಿ ಎರಡಕ್ಕೂ ‘ಹಿಸ್’ ಒಂದೇ. ಕನ್ನಡಿಗನು ಇಂಗ್ಲೀಷ್ ಬರೆಯುವಾಗ ಎಚ್ಚರವಿರಬೇಕಾದುದು ಇಲ್ಲಿ. ವಾಕ್ಯದ ಕೊನೆಯ ‘ಟು’ ಪದಕ್ಕೆ ಕೆಂಪು ಶಾಯಿಯ ಗೆರೆಯೆಳೆದು, ಯಾರ ಪುಸ್ತಕವೆಂದು ತಿಳಿಯದ ವಾಕ್ಯವನ್ನು ಸರಿಯೆಂದು ಬಿಟ್ಟರೆ, ಬಾಲಕನು ವ್ಯಾಕರಣಕ್ಕೆ ಹೆದರುವುದನ್ನು ಕಲಿಯುವನೇ ಹೊರತು ತನ್ನ ಮನಸ್ಸಿನ ಮಾತನ್ನು ತಿಳಿಯಾಗಿ ಹೇಳುವುದನ್ನು ಕಲಿಯನು. ಅರ್ಥವನ್ನು ಕಾಯುವ ನಿಯಮವು ಬೇಲಿ. ಅರ್ಥಕ್ಕೆ ಸಂಬಂಧವಿಲ್ಲದ ನಿಯಮವು ದಾರಿಯಲ್ಲಿ ಬಿದ್ದ ಮುಳ್ಳು.