ಏಕಾಂಗಿ ಭಿನ್ನಮತ: ಬಿ.ಆರ್. ಶೆಣೈ ಅವರ ಮುಕ್ತ ಮಾರುಕಟ್ಟೆಯ ಸಮರ್ಥನೆ

ಸ್ವತಂತ್ರ ಭಾರತದ ಆರ್ಥಿಕ ಚಿಂತನೆಯ ಇತಿಹಾಸದಲ್ಲಿ ಯೋಜನೆಯ ಪ್ರತಿಪಾದಕರಿಗೆ ದೊರೆತಿರುವ ಸ್ಥಾನ ಅದರ ವಿಮರ್ಶಕರಿಗೆ ದೊರೆತಿಲ್ಲ. ಕನ್ನಡ ನಾಡಿನ ಮಟ್ಟಿಗೂ ಈ ಮಾತು ನಿಜ. 1934ರಲ್ಲಿಯೇ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯೊಂದನ್ನು ಪ್ರತಿಪಾದಿಸಿ ಗ್ರಂಥ ರಚಿಸಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಸಹಜವಾಗಿಯೇ ಸ್ಮರಿಸುತ್ತೇವೆ. ಆದರೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಹೋದ ಕಾಸರಗೋಡು ಪ್ರದೇಶದ ಬೆಳ್ಳಿಕೋತ್‌ನಲ್ಲಿ ಜನಿಸಿದ ಬೆಳ್ಳಿಕೋತ್ ರಘುನಾಥ ಶೆಣೈ (1905-1978) ಅವರ ಹೆಸರು ಅರ್ಥಶಾಸ್ತ್ರದ ವಲಯದ ಆಚೆಗೆ ಹೆಚ್ಚು ಪರಿಚಿತವಲ್ಲ. ಮುಕ್ತ ಮಾರುಕಟ್ಟೆಯನ್ನು ಸಮರ್ಥಿಸುವವರು ಉಳ್ಳವರ ಪಕ್ಷಪಾತಿಗಳು ಎಂಬ ಆಕ್ಷೇಪ ಹಳೆಯದು. ಶೆಣೈ ಅವರ ಬರಹಗಳನ್ನು ಈ ಆಕ್ಷೇಪದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಶೆಣೈ, ಅನಂತರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ತೆರಳಿದರು. 1930ರ ದಶಕದ ಆರಂಭದಲ್ಲಿ ಅಲ್ಲಿ ಹಾಯೆಕ್ ಅವರ ಚಿಂತನೆ ಇವರ ಮೇಲೆ ಗಾಢ ಪ್ರಭಾವ ಬೀರಿತು. ಸಿಲೋನಿನಲ್ಲಿ ಅಧ್ಯಾಪನ, ರಿಸರ್ವ್ ಬ್ಯಾಂಕಿನಲ್ಲಿ ಸೇವೆ, ಬಳಿಕ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಹುದ್ದೆ, ಹೀಗೆ ಅವರ ವೃತ್ತಿಜೀವನ ಸಾಗಿತು. ಹಣ ಮತ್ತು ಬ್ಯಾಂಕಿಂಗ್ ವ್ಯವಸ್ಥೆ ಅವರ ಮೂಲ ಅಧ್ಯಯನ ಕ್ಷೇತ್ರವಾಗಿತ್ತು. ಯೋಜನೆಯ ಬಗೆಗಿನ ಅವರ ಟೀಕೆಯೂ ಅಲ್ಲಿಂದಲೇ ಹೊರಟಿತೆಂಬುದು ಗಮನಾರ್ಹ.

1955ರ ವೇಳೆಗೆ ರಾಷ್ಟ್ರದ ಬೌದ್ಧಿಕ ಒಲವು ಯೋಜನೆಯ ಕಡೆಗೇ ಇತ್ತು. ಉದ್ಯಮಪತಿಗಳು ಕೂಡ ಇದಕ್ಕೆ ಹೊರತಾಗಿರಲಿಲ್ಲ. ಟಾಟಾ, ಬಿರ್ಲಾ ಮೊದಲಾದವರು 1944ರಲ್ಲಿ ಸಿದ್ಧಪಡಿಸಿದ ಬಾಂಬೆ ಯೋಜನೆಯೇ ರಾಜ್ಯದ ವ್ಯಾಪಕ ಪಾತ್ರವನ್ನು ಒಪ್ಪಿಕೊಂಡಿತ್ತು. ಪಿ.ಸಿ. ಮಹಲನೋಬಿಸ್ ಅವರು ಭಾರೀ ಕೈಗಾರಿಕೆಗಳಿಗೆ ಆದ್ಯತೆ ನೀಡಿ ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡು ಚೌಕಟ್ಟನ್ನು ರೂಪಿಸಿದಾಗ, ಅದನ್ನು ಪರಿಶೀಲಿಸಲು ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಅರ್ಥಶಾಸ್ತ್ರಜ್ಞರ ಮಂಡಲಿಯೊಂದು ಸೇರಿತು. ಮಂಡಲಿಯ ಸದಸ್ಯರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಶೆಣೈ ಒಬ್ಬರೇ.

ಆ ಟಿಪ್ಪಣಿಯ ಮೊದಲ ವಾದ ಸರಳವಾದುದು. ಯೋಜನೆಯ ಗಾತ್ರ ಆಶಯವನ್ನು ಅವಲಂಬಿಸದೆ ಜನತೆಯ ನೈಜ ಉಳಿತಾಯವನ್ನು ಅವಲಂಬಿಸಬೇಕು. ಉಳಿತಾಯವನ್ನು ಮೀರಿದ ವೆಚ್ಚವನ್ನು ಹೊಸ ಹಣ ಸೃಷ್ಟಿಸಿ ಭರಿಸಿದರೆ ಸಂಪನ್ಮೂಲಗಳು ಹೆಚ್ಚುವುದಿಲ್ಲ, ಬೆಲೆಗಳು ಹೆಚ್ಚುತ್ತವೆ. ಬಹುಸಂಖ್ಯಾತರು ಹೊಟ್ಟೆಬಟ್ಟೆಯ ಅಂಚಿನಲ್ಲಿಯೇ ಬದುಕುವ ಪ್ರಜಾಪ್ರಭುತ್ವದಲ್ಲಿ ಅಂಕೆಯಿಲ್ಲದ ಬೆಲೆಯೇರಿಕೆ ಸಮಾಜದ ವ್ಯವಸ್ಥೆಯನ್ನೇ ಅಲುಗಿಸಬಲ್ಲದೆಂದು ಅವರು ಎಚ್ಚರಿಸಿದರು. ಅಂಗೀಕೃತವಾದ ಯೋಜನೆಯಲ್ಲಿ ಸಾರ್ವಜನಿಕ ವಲಯದ 4800 ಕೋಟಿ ರೂಪಾಯಿಗಳ ಪೈಕಿ 1200 ಕೋಟಿ, ಅಂದರೆ ನಾಲ್ಕನೆಯ ಒಂದು ಭಾಗ, ಕೊರತೆ ಹಣಕಾಸಿನಿಂದಲೇ ಬರಬೇಕಾಗಿತ್ತು.

ಎರಡನೆಯ ವಾದ ನಿಯಂತ್ರಣಗಳನ್ನು ಕುರಿತದ್ದು. ರಾಷ್ಟ್ರೀಕರಣದ ವಿಸ್ತರಣೆಯನ್ನು ವಿರೋಧಿಸಿದ ಶೆಣೈ, ನಿಯಂತ್ರಣ ಮತ್ತು ಹಂಚಿಕೆಗಳಿಂದ ಹಿಂದೆ ಸರಿದು ಬೆಲೆ ವ್ಯವಸ್ಥೆಯನ್ನು ಪುನಃಸ್ಥಾಪಿಸಬೇಕೆಂದರು. ಮುಂದಿನ ವರ್ಷಗಳಲ್ಲಿ ಆಮದು ಪರವಾನಗಿಯ ವಿಮರ್ಶೆಯಲ್ಲಿ ಈ ವಾದ ಇನ್ನಷ್ಟು ಮೊನಚಾಯಿತು. ಡಾಲರಿಗೆ 4.76 ರೂಪಾಯಿಗಳ ಅಧಿಕೃತ ದರದಲ್ಲಿ ಆಮದು ಮಾಡಿಕೊಂಡ ಸರಕು ದೇಶದೊಳಗೆ ಬಹಳ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತು. ಈ ಅಂತರ ಪರವಾನಗಿ ಪಡೆದವನ ಪಾಲಾಗುತ್ತಿತ್ತು. ಅದರ ಭಾರ ಹೊತ್ತವರಲ್ಲಿ ಗ್ರಾಹಕರಷ್ಟೇ ಅಲ್ಲದೆ, ವಿದೇಶಗಳಿಗೆ ಸರಕು ಕಳುಹಿಸಿ ಅದೇ ಕೃತಕ ದರದಲ್ಲಿ ರೂಪಾಯಿ ಪಡೆಯಬೇಕಾಗಿದ್ದ ಉತ್ಪಾದಕರೂ ಇದ್ದರು. ಮಲೆನಾಡು ಹಾಗೂ ಕರಾವಳಿಯ ಕಾಫಿ, ಮೆಣಸಿನ ಬೆಳೆಗಾರರನ್ನೂ ಈ ಸಾಲಿನಲ್ಲಿ ಎಣಿಸಬೇಕಾಗುತ್ತದೆ. ಬಡವರ ಹೆಸರಿನಲ್ಲಿ ರೂಪಿಸಿದ ನಿಯಂತ್ರಣ ಅವರ ಆದಾಯವನ್ನು ಪ್ರಭಾವಶಾಲಿಗಳಿಗೆ ವರ್ಗಾಯಿಸುತ್ತದೆಂಬುದು ಶೆಣೈ ಅವರ ವಿಮರ್ಶೆಯ ತಿರುಳು.

ಘಟನೆಗಳು ಈ ಎಚ್ಚರಿಕೆಯನ್ನು ಬಹುಮಟ್ಟಿಗೆ ದೃಢಪಡಿಸಿದವು. ಯೋಜನೆ ಆರಂಭವಾದ ಎರಡು ವರ್ಷಗಳೊಳಗೆ ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿತು. 1958ರಲ್ಲಿ ಯೋಜನೆಯನ್ನು ಮೊಟಕುಗೊಳಿಸಿ 4500 ಕೋಟಿ ರೂಪಾಯಿಗಳ ಭಾಗಕ್ಕೆ ಆದ್ಯತೆ ನೀಡಲಾಯಿತು. ಅದೇ ವರ್ಷ ನೆರವು ನೀಡುವ ರಾಷ್ಟ್ರಗಳ ಒಕ್ಕೂಟ ಭಾರತಕ್ಕಾಗಿ ಸೇರಿತು. 1966ರ ಜೂನ್ 6ರಂದು ರೂಪಾಯಿಯ ದರವನ್ನು ಡಾಲರಿಗೆ 7.50ಕ್ಕೆ ಇಳಿಸಬೇಕಾಯಿತು. 1967ರಲ್ಲಿ ಆರ್.ಕೆ. ಹಜಾರಿ ಅವರು ಯೋಜನಾ ಆಯೋಗಕ್ಕೆ ಸಲ್ಲಿಸಿದ ವರದಿ, ಆರ್ಥಿಕ ಕೇಂದ್ರೀಕರಣವನ್ನು ತಡೆಯಬೇಕಾಗಿದ್ದ ಕೈಗಾರಿಕಾ ಪರವಾನಗಿ ಪದ್ಧತಿಯನ್ನು ದೊಡ್ಡ ಉದ್ಯಮ ಸಮೂಹಗಳು ತಮಗೆ ಅನುಕೂಲವಾಗುವಂತೆ ಬಳಸಿಕೊಂಡಿದ್ದವೆಂದು ತೋರಿಸಿತು. ಹಜಾರಿ ಶೆಣೈ ಅವರ ಪಂಥಕ್ಕೆ ಸೇರಿದವರಲ್ಲದ ಕಾರಣ ಈ ಸಾಕ್ಷ್ಯಕ್ಕೆ ಹೆಚ್ಚಿನ ತೂಕವಿದೆ.

ಆದಾಗ್ಯೂ ವಿಮರ್ಶಕರ ವಾದವನ್ನು ಲಘುವಾಗಿ ಕಾಣುವುದು ಇತಿಹಾಸಕಾರನಿಗೆ ಸಲ್ಲದು. 1966ರ ಸಂಕಷ್ಟದ ಹಿಂದೆ 1962 ಮತ್ತು 1965ರ ಯುದ್ಧಗಳೂ, ಭೀಕರ ಬರಗಾಲವೂ ಇದ್ದವು. ಖಾಸಗಿ ಬಂಡವಾಳ ಹಿಂಜರಿಯುವ ಕ್ಷೇತ್ರಗಳಲ್ಲಿ ರಾಜ್ಯವೇ ಮುಂದಾಗಬೇಕೆಂಬ ನಿಲುವಿಗೆ ಮೈಸೂರು ಸಂಸ್ಥಾನದ ಭದ್ರಾವತಿ ಕಬ್ಬಿಣದ ಕಾರ್ಖಾನೆಯೇ ನಿದರ್ಶನ. ಬೆಂಗಳೂರಿನ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮುಂತಾದ ಉದ್ದಿಮೆಗಳು ತಾಂತ್ರಿಕ ಕೌಶಲವುಳ್ಳ ಒಂದು ಪೀಳಿಗೆಯನ್ನೇ ಬೆಳೆಸಿದವು. ಮಾರುಕಟ್ಟೆಗೆ ಕೊಳ್ಳುವ ಶಕ್ತಿಯುಳ್ಳವನ ಬೇಡಿಕೆ ಮಾತ್ರ ಕೇಳಿಸುತ್ತದೆ, ಭೂಮಿಯೂ ಅಕ್ಷರವೂ ಇಲ್ಲದವನು ಅದರ ಹೊರಗೆಯೇ ಉಳಿಯುತ್ತಾನೆ ಎಂಬ ಆಕ್ಷೇಪಕ್ಕೆ ಬೆಲೆ ವ್ಯವಸ್ಥೆಯೊಂದರಿಂದಲೇ ಪೂರ್ಣ ಉತ್ತರ ದೊರೆಯುವುದಿಲ್ಲ. ಆದರೆ ಈ ಆಕ್ಷೇಪಗಳು ಶಾಲೆ, ನೀರಾವರಿ, ಭೂಸುಧಾರಣೆಗಳ ಅಗತ್ಯವನ್ನು ಸಾಧಿಸುತ್ತವೆಯೇ ಹೊರತು ಪರವಾನಗಿ ಪದ್ಧತಿಯನ್ನು ಸಮರ್ಥಿಸುವುದಿಲ್ಲ. ಇವೆರಡನ್ನೂ ಒಂದೆಂದು ಭಾವಿಸಿದ್ದು ಆ ಕಾಲದ ಚರ್ಚೆಯ ದೊಡ್ಡ ದೋಷವೆನ್ನಬಹುದು.

ಇಲ್ಲಿ ಇನ್ನೊಂದು ಭೇದವನ್ನೂ ಗುರುತಿಸುವುದು ಅವಶ್ಯ. ಬಂಡವಾಳಶಾಹಿಯ ಸಮರ್ಥನೆ ಬೇರೆ, ಬಂಡವಾಳಗಾರರ ಸಮರ್ಥನೆ ಬೇರೆ. ರಕ್ಷಿತ ಮಾರುಕಟ್ಟೆಯಲ್ಲಿ ನೆಮ್ಮದಿಯಾಗಿದ್ದ ಉದ್ಯಮಪತಿಗೆ ಸ್ಪರ್ಧೆ ಅಪ್ರಿಯವಾಗಿತ್ತು. ಶೆಣೈ ಬಯಸಿದ್ದು ಆ ಸ್ಪರ್ಧೆಯನ್ನೇ. ಉಳ್ಳವರ ಪಕ್ಷಪಾತಿ ಎಂಬ ಆಕ್ಷೇಪ ಅವರ ಮಟ್ಟಿಗೆ ನಿಲ್ಲದಿರಲು ಇದು ಮುಖ್ಯ ಕಾರಣ.

1991ರ ಜುಲೈ 24ರ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದವುಗಳಿಗೆ ಪರವಾನಗಿಯನ್ನು ರದ್ದುಗೊಳಿಸಿತು. ಅದನ್ನು ಕಾಣಲು ಶೆಣೈ ಇರಲಿಲ್ಲ. ಯೋಜನಾ ಆಯೋಗವೂ 2015ರಲ್ಲಿ ನೀತಿ ಆಯೋಗಕ್ಕೆ ಎಡೆಮಾಡಿಕೊಟ್ಟಿತು. ಆದರೆ ಸ್ಮರಿಸಬೇಕಾದ ಸಂಗತಿಯೆಂದರೆ, ಶೆಣೈ ಅವರ ಭಿನ್ನಮತವನ್ನು ಎರಡನೆಯ ಯೋಜನೆಯ ದಾಖಲೆಗಳೊಡನೆ ಮುದ್ರಿಸಿ ಉಳಿಸಿದ್ದು ಆ ಆಯೋಗವೇ. ಸಲಹೆಯನ್ನು ತಿರಸ್ಕರಿಸಿದರೂ ದಾಖಲೆಯನ್ನು ಅಳಿಸದ ಆ ಸೌಜನ್ಯದಿಂದಾಗಿ, ಬಹುಮತದ ನಿಲುವನ್ನೂ ಒಬ್ಬಂಟಿಯ ನಿಲುವನ್ನೂ ಎದುರುಬದುರಾಗಿಟ್ಟು ತೂಗುವ ಅವಕಾಶ ಇಂದಿನ ಸಂಶೋಧಕನಿಗೆ ಉಳಿದಿದೆ.