ಹುಡುಗನ ರೋಷ, ಕೋಟೆಯ ಹಾಡು

ಕಳಸದಂಥ ಮಲೆನಾಡಿನ ಊರಿನಲ್ಲಿ ಶಾಲಾ ವಾರ್ಷಿಕೋತ್ಸವ ನೋಡಿದವರಿಗೆ ಈ ದೃಶ್ಯ ಹೊಸತಲ್ಲ. ಕಚ್ಚೆ ಸೀರೆಯುಟ್ಟ ಹುಡುಗಿ ಒನಕೆ ಹಿಡಿದು ವೇದಿಕೆಗೆ ಬರುತ್ತಾಳೆ. ಧ್ವನಿವರ್ಧಕದಲ್ಲಿ ಓಬವ್ವನ ಹಾಡು ಮೊಳಗುತ್ತದೆ. ಕಾಫಿ ತೋಟಗಳ ನಡುವಿನ ಊರಿಗೂ ಬಯಲುಸೀಮೆಯ ಚಿತ್ರದುರ್ಗಕ್ಕೂ ಎತ್ತಣಿಂದೆತ್ತ ಸಂಬಂಧ? ಕೇಳಿದರೆ ಹಳೆಯ ಲಾವಣಿಯೆಂದೇ ತೋರುವ ಆ ಹಾಡು ಹುಟ್ಟಿದ್ದು 1972ರಲ್ಲಿ, 'ನಾಗರಹಾವು' ಚಿತ್ರಕ್ಕಾಗಿ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರವಿದು. ಕಥಾನಾಯಕ ರಾಮಾಚಾರಿ ಕಾಲೇಜು ಹುಡುಗ, ಮುಂಗೋಪಿ, ಹಟಮಾರಿ. ಚಾಮಯ್ಯ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುವವನು. ಕನ್ನಡ ಚಿತ್ರರಂಗದಲ್ಲಿ ಎಳೆಹರೆಯದ ಸಿಟ್ಟಿಗೆ ಮುಖ ಕೊಟ್ಟವರು ವಿಷ್ಣುವರ್ಧನ್. ಅದಕ್ಕೆ ದನಿ ಕೊಟ್ಟವರು ಸಂಗೀತ ನಿರ್ದೇಶಕ ವಿಜಯಭಾಸ್ಕರ್. ಪುಟ್ಟಣ್ಣನವರ 'ಬೆಳ್ಳಿಮೋಡ'ದಲ್ಲಿ (1967) ಬೇಂದ್ರೆಯವರ ಕವಿತೆಗೆ ರಾಗ ಹಾಕಿ ಮನೆಮಾತಾಗಿದ್ದವರು ಇವರೇ.

ವಿಜಯಭಾಸ್ಕರ್ ಒಬ್ಬನೇ ನಾಯಕನಿಗೆ ಇಬ್ಬರು ಗಾಯಕರನ್ನು ಬಳಸಿದ್ದು ಗಮನಾರ್ಹ. 'ಹಾವಿನ ದ್ವೇಷ' ಹಾಡಿನ ಕಿಚ್ಚಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, 'ಬಾರೇ ಬಾರೇ' ಹಾಡಿನ ಒಲವಿಗೆ ಪಿ.ಬಿ. ಶ್ರೀನಿವಾಸ್. ಈ ಎರಡನೆಯ ಹಾಡನ್ನು ನಿಧಾನಗತಿಯಲ್ಲಿ ಚಿತ್ರೀಕರಿಸಿದ್ದು ಆಗ ಹೊಸ ಸಾಹಸ. ಹೀಗೆ ತೋರಿಸಬೇಕಾದರೆ ಕ್ಯಾಮೆರಾ ಸೆಕೆಂಡಿಗೆ ರೂಢಿಯ 24 ಚೌಕಟ್ಟುಗಳಿಗಿಂತ ಹೆಚ್ಚು ತೆಗೆಯಬೇಕು. ರೋಷದ ಹುಡುಗನ ಓಟ ಹಾಡಿನ ಮೆಲ್ಲನೆಯ ನಡೆಗೆ ಒಗ್ಗಿತು.

ಓಬವ್ವನ ಹಾಡನ್ನು ಬರೆದವರು ಚಿ. ಉದಯಶಂಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಓಬವ್ವನಾಗಿ ತೆರೆಯ ಮೇಲೆ ಬಂದವರು ಜಯಂತಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬಂದಾಗ ಕಾವಲುಗಾರನ ಹೆಂಡತಿ ಒನಕೆಯಿಂದ ಅವರನ್ನು ಬಡಿದಳೆಂಬುದು ದುರ್ಗದ ಜನರ ಬಾಯಲ್ಲಿ ಉಳಿದು ಬಂದ ಕಥೆ. ಕೋಟೆ 1779ರಲ್ಲಿ ಹೈದರನ ವಶವಾಯಿತು. ಕಥೆ ಮಾತ್ರ ಸೋಲಲಿಲ್ಲ. ದುರ್ಗದ ಮನೆಮಾತನ್ನು ಸಿನಿಮಾ ಹಾಡು ನಾಡಿನ ಮನೆಮಾತಾಗಿಸಿತು. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ.

ಇದೇ ಚಿತ್ರದಲ್ಲಿ ಇನ್ನೊಬ್ಬ ಹೆಣ್ಣಿನ ಕಥೆಯೂ ಹಾಡಾಗಿದೆ. ರಾಮಾಚಾರಿ ಮೆಚ್ಚಿದ ಅಲಮೇಲು ಬೇರೆ ಜಾತಿಯವಳು. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವನು ಅವಳನ್ನು ಬಿಟ್ಟುಕೊಡುತ್ತಾನೆ. ಬೇರೊಬ್ಬನ ಕೈಹಿಡಿದ ಅವಳು ಗಂಡನಿಂದಲೇ ಬೀದಿಪಾಲಾಗುತ್ತಾಳೆ. ಅವಳ ಅಳಲನ್ನು ಪಿ. ಸುಶೀಲಾ 'ಕಥೆ ಹೇಳುವೆ' ಹಾಡಿನಲ್ಲಿ ತೋಡಿಕೊಂಡಿದ್ದಾರೆ.

ಕೋಟೆ ಕಾಯ್ದ ಹೆಣ್ಣು, ಯಾರೂ ಕಾಯದೆ ಹೋದ ಹೆಣ್ಣು: ವಿಜಯಭಾಸ್ಕರ್ ಇಬ್ಬರಿಗೂ ಒಂದೇ ಚಿತ್ರದಲ್ಲಿ ಜಾಗ ಕೊಟ್ಟರು. ಶಾಲೆಯ ವೇದಿಕೆಗೆ ನಾವು ಮೊದಲನೆಯವಳನ್ನು ಮಾತ್ರ ಕರೆಯುತ್ತೇವೆ. ಮಕ್ಕಳ ಹಬ್ಬಕ್ಕೆ ಅದು ಸಹಜವೇ. ಆದರೆ ರಾಮಾಚಾರಿಯ ವಯಸ್ಸಿಗೆ ಬಂದ ಮಕ್ಕಳು ಎರಡನೆಯ ಹಾಡನ್ನೂ ಒಮ್ಮೆ ಕೇಳಬೇಕು. ದೊಡ್ಡವರ ಮಾತು ಕೇಳಿ ಹುಡುಗನೊಬ್ಬ ತೆತ್ತ ಬೆಲೆ, ಅವನಿಗಿಂತ ಹೆಚ್ಚಾಗಿ ಹುಡುಗಿಯೊಬ್ಬಳು ತೆತ್ತ ಬೆಲೆ, ಅದರಲ್ಲಿದೆ.